ಎರಡೂವರೆ ಗಂಟೆಯ ಊಟ

ಜೂನ್ 24

ಅರವತ್ತೆಂಟನೆಯ ವಯಸ್ಸಿನಲ್ಲಿ ನನಗೊಂದು ಹೊಸ ಪಾತ್ರ ದಕ್ಕಿದೆ: ಹೂವಿನ ತೀರ್ಪುಗಾರ. ನಲವತ್ತು ವರ್ಷ ಲಾರಿಯಲ್ಲಿ ನಾಟಕದ ಪರದೆ ಹೇರಿಕೊಂಡು ಊರೂರು ತಿರುಗಿ, ರಾಜನಾಗಿ, ಜಿಪುಣನಾಗಿ, ಎರಡು ಸಲ ಪೋಪನಾಗಿ ಗರ್ಜಿಸಿದ ಈ ಅನ್ಸೆಲ್ಮ್ ಕುರ್ತ್‌ಬ್ವಾ ಇನ್ನು ಮುಂದೆ ಕೈಯಲ್ಲಿ ಅಂಕಪಟ್ಟಿ ಹಿಡಿದು ಹಳ್ಳಿಮನೆಗಳ ಕಿಟಕಿ ಕೆಳಗಿನ ಜಿರೇನಿಯಂ ಎಣಿಸಬೇಕು. ಕೆಂಪು ಅಂದರೆ ಕೆಂಪು, ಬಿಳಿ ಅಂದರೆ ಬಿಳಿ. ಅದರಾಚೆಗಿನ ಸಸ್ಯಶಾಸ್ತ್ರ ನನಗೆ ತಿಳಿಯದು.

ಆ ಕುರ್ಚಿ ನನ್ನ ಹೆಂಡತಿ ಓದೀಲಳದು. ಹನ್ನೆರಡು ವರ್ಷ ಜಿಲ್ಲೆಯ ಹೂ-ಹಳ್ಳಿ ಮಂಡಳಿಯಲ್ಲಿ ಕೂತಿದ್ದಳು. ಯಾವ ಊರಿನ ಹೆಸರಿನ ಫಲಕದ ಕೆಳಗೆ ಒಂದು ಹೂ, ಯಾವುದಕ್ಕೆ ಎರಡು, ಯಾವುದಕ್ಕೆ ಮೂರು ಎಂದು ತೀರ್ಮಾನಿಸುವ ಮಂಡಳಿ. ಮಾರ್ಚ್‌ನಿಂದ ಕುರ್ಚಿ ಖಾಲಿ. ಅಧ್ಯಕ್ಷರು ನಿವೃತ್ತ ದನದ ಡಾಕ್ಟರು, ಮನೆಗೇ ಬಂದರು. "ಒಂದು ಬೇಸಿಗೆ ನೀವೇ ಕೂತ್ಕೊಳ್ಳಿ. ಮನೆ ಬಿಟ್ಟು ಹೊರಗೆ ಬಂದ ಹಾಗಾಗತ್ತೆ" ಎಂದರು.

ಮಾರ್ಚ್ ತಿಂಗಳ ಬಗ್ಗೆ ಈ ಪುಸ್ತಕದಲ್ಲಿ ಬರೆಯುವುದಿಲ್ಲ.

ಇಂದು ನಾಲ್ಕು ಊರು. ಲಾಂಗ್ರ್ ಪಟ್ಟಣದ ನನ್ನ ಮನೆಯಿಂದ ಅರ್ಧ ಗಂಟೆಯ ದಾರಿ. ಆದರೂ ನಾಲ್ಕರ ಹೆಸರನ್ನೂ ನಾನು ಕೇಳಿರಲಿಲ್ಲ. ಇನ್ನೂರು ಜನವಿಲ್ಲದ ಕಡೆ ನಮ್ಮ ಕಂಪನಿ ಲಾರಿ ನಿಲ್ಲಿಸುತ್ತಿರಲಿಲ್ಲ. ಒಂದರಲ್ಲಿ ಬೇಕರಿ ಮುಚ್ಚಿದೆ. ಅದರ ಬಾಗಿಲಲ್ಲೇ ಒಂದು ಯಂತ್ರ ನಿಂತಿದೆ. ನಾಣ್ಯ ಹಾಕಿದರೆ ಧೊಪ್ಪೆಂದು ಬ್ರೆಡ್ಡು ಬೀಳುತ್ತದೆ. ನಾನು ಹತ್ತು ನಿಮಿಷ ಅದರ ಮುಂದೆ ಬಾಯಿ ತೆರೆದು ನಿಂತೆ. ಎರಡು ಮಹಾಯುದ್ಧಗಳಲ್ಲೂ ಬ್ರೆಡ್ಡು ಬೇಯಿಸಿದ ದೇಶವಯ್ಯಾ ಇದು.

ರಾತ್ರಿ ಊಟ ಮಾಡಲಿಲ್ಲ. ಹಸಿವಿಲ್ಲ.

ಜೂನ್ 27

ಮೂವತ್ತೊಂಬತ್ತು ಡಿಗ್ರಿ. ಐದು ಊರು. ಎಲ್ಲ ಬಾಡಿವೆ, ಹೂ ಕೂಡ, ತೀರ್ಪುಗಾರರು ಕೂಡ. ಸಂಜೆ ಎಂಟರ ತನಕ ಗಿಡಕ್ಕೆ ನೀರು ಹಾಕುವಂತಿಲ್ಲ ಎಂದು ಅಪ್ಪಣೆ. ಒಂದೂರಿನಲ್ಲಿ ನಮ್ಮನ್ನು ಸ್ವಾಗತಿಸಿದ್ದು ಒಂದು ಹೆಬ್ಬಾತು ಮಾತ್ರ. ಅದು ನನ್ನ ಪ್ಯಾಂಟು ಹಿಡಿದು ಎಳೆಯಿತು. ಮಂಡಳಿಯ ಮೂರನೆಯ ಸದಸ್ಯೆ, ಹೂವಿನ ಅಂಗಡಿಯ ಬ್ಲಾಂದೀನ್, ಕಾರಿನಿಂದ ಇಳಿಯಲೇ ಇಲ್ಲ.

"ಎಷ್ಟು ಅಂಕ ಹಾಕೋಣ?" ಎಂದು ಡಾಕ್ಟರು ಕೇಳಿದರು.

"ಹೆಬ್ಬಾತಿಗೆ ಹತ್ತಕ್ಕೆ ಒಂಬತ್ತು" ಎಂದೆ. ಯಾರೂ ನಗಲಿಲ್ಲ. ನನ್ನ ಧ್ವನಿ ಕಾರಿನ ಹಿಂದಿನ ಸೀಟಿನ ತನಕವೂ ತಲುಪುತ್ತಿಲ್ಲ. ಒಂದು ಕಾಲದಲ್ಲಿ ಇದೇ ಧ್ವನಿಗೆ ಚಾವಣಿಯ ಧೂಳು ಉದುರುತ್ತಿತ್ತು.

ಜುಲೈ 2

ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ನಾಳೆ ನಾನೇ ನಂಬಲಾರೆ.

ಮೊದಲ ಅಂಕ. ಬೆಳಿಗ್ಗೆ ಹತ್ತೂವರೆ, ವೋಕೂರ್ಬ್ ಎಂಬ ಊರು, ಐವತ್ತೆಂಟು ಜನ. ಈ ಸುಡುಗಾಡು ಬಿಸಿಲಿನಲ್ಲಿ ಆ ಊರೊಂದು ಹೂವಿನ ಜ್ವಾಲೆಯಂತೆ ಉರಿಯುತ್ತಿತ್ತು. ಗೋಡೆಯುದ್ದಕ್ಕೂ, ಮೆಟ್ಟಿಲ ಮೇಲೆ, ಬಾವಿಯ ಸುತ್ತ ಜಿರೇನಿಯಂ, ಪೆಟೂನಿಯ. ಮೇಯರಮ್ಮ ಹ್ಯುಗೆತ್ ಪೆರ್ನೋ, ಎಪ್ಪತ್ತನಾಲ್ಕರ ಹೆಂಗಸು, ಏಪ್ರನ್ನಿನಲ್ಲೇ ಬಂದು ಬಿಳಿ ವೈನು ಕೊಟ್ಟರು. ಚೀಸು ಹಾಕಿ ಉಬ್ಬಿಸಿದ ಪುಟ್ಟ ಬನ್ನು, ಗೂಜೇರ್, ಕೊಟ್ಟರು. ನಾನೊಂದು ಕಚ್ಚಿದೆ. ನುಂಗಲಾಗಲಿಲ್ಲ, ಮಾರ್ಚ್‌ನಿಂದ ಗಂಟಲು ಹೀಗೇ. ಯಾರೂ ನೋಡದಾಗ ಊರ ಕಚೇರಿಯ ಬಾಗಿಲ ಬಲಗಡೆಯ ಸತುವಿನ ತೊಟ್ಟಿಯಲ್ಲಿ, ಕೆಂಪು ಜಿರೇನಿಯಂ ಬುಡದಲ್ಲಿ ಅದನ್ನು ಒತ್ತಿಟ್ಟೆ.

ಎರಡನೆಯ ಅಂಕ. ಊಟ. ಹನ್ನೆರಡರಿಂದ ಎರಡೂವರೆ. ಕರ್ಬೂಜ, ಹ್ಯಾಮು, ಸಾಸಿವೆ ಹಚ್ಚಿದ ಮೊಲ, ಸೊಪ್ಪು, ನಡುಗುಳಿಯಲ್ಲಿ ಬ್ರಾಂದಿ ಸುರಿದ ಲಾಂಗ್ರ್ ಚೀಸು, ಕೆನೆಯ ಟಾರ್ಟು. ನಾನು ತಟ್ಟೆಯಲ್ಲಿ ಮೊಲವನ್ನು ಉತ್ತರದಿಂದ ದಕ್ಷಿಣಕ್ಕೆ ಓಡಾಡಿಸಿದೆ. ಮೇಯರಮ್ಮ ಡಾಕ್ಟರ ಪಕ್ಕ ಬಿಡದೆ ನಿಂತಿದ್ದರು: "ಇನ್ನೊಂದು ಚೂರು ಹಾಕ್ಸಿಕೊಳ್ಳಿ ಡಾಕ್ಟ್ರೇ, ದನಗಳಿಗೋಸ್ಕರ ನೀವು ಊಟ ಬಿಟ್ಟು ಓಡಾಡಿದ್ದು ಸಾಕು." ಹೊರಗೆಲ್ಲೋ ಟ್ರ್ಯಾಕ್ಟರಿನ ಸದ್ದು.

ಮೂರನೆಯ ಅಂಕ. ನಾಲ್ಕು ಕಿಲೋಮೀಟರ್ ಆಚೆ ಪ್ರೆಸಾಯೊ, ನಲವತ್ತೊಂದು ಜನ. ಅದೂ ಹೂವಿನ ಜ್ವಾಲೆ. ಅಲ್ಲಿನ ಮೇಯರು ಫೆರ್ನಾಂ ಜಾಕಿನೆಲ್, ಅಂಗಿಯ ಬೆನ್ನು ಒದ್ದೆ, ಈಗತಾನೆ ಓಡಿಬಂದವನ ಏದುಸಿರು. ಹಳೆಯ ಬಟ್ಟೆ ಒಗೆಯುವ ಕಟ್ಟೆಯ ನೆರಳಲ್ಲಿ ನಿಂತೆ. ಪಕ್ಕದಲ್ಲೊಂದು ಸತುವಿನ ತೊಟ್ಟಿ. ಸುಮ್ಮನೆ ಎಲೆ ಸರಿಸಿದೆ.

ಗೂಜೇರ್.

ಕಚ್ಚಿದ ಗೂಜೇರ್. ಮೇಲಿನ ಸಾಲಿನಲ್ಲಿ ಎಡಗಡೆ ಒಂದು ಹಲ್ಲಿಲ್ಲದವನ ಕಡಿತ. ಆ ಹಲ್ಲಿಲ್ಲದವನು ನಾನು.

ನಲವತ್ತು ವರ್ಷದಲ್ಲಿ ನನ್ನ ತಲೆಯ ಮೇಲೆ ಪರದೆ ಕಳಚಿ ಬಿದ್ದಿದೆ, ಸಿಂಹಾಸನ ಮುರಿದಿದೆ, ಕತ್ತಿ ಒರೆಯಲ್ಲೇ ಸಿಕ್ಕಿಕೊಂಡಿದೆ. ಹೀಗೆ ಎದೆ ನಿಂತದ್ದಿಲ್ಲ. ಕಣ್ಣೆತ್ತಿದರೆ ಫೆರ್ನಾಂ ನನ್ನನ್ನೇ ನೋಡುತ್ತಿದ್ದ. ಗೂಜೇರನ್ನೂ ನೋಡಿದ.

"ಬಿಸಿಲು ಜಾಸ್ತಿ ಸ್ವಾಮಿ" ಎಂದ. "ಟೋಪಿ ಹಾಕ್ಕೊಳಿ."

ಡಾಕ್ಟರು ಎರಡೂ ಊರಿಗೆ ಮೂರು ಮೂರು ಹೂ ಶಿಫಾರಸು ಮಾಡಿದರು.

ಜುಲೈ 3

ಒಂದೇ ಸೆಟ್ಟಿನಲ್ಲಿ ಎರಡು ನಾಟಕ. ಅರಮನೆಯ ಕಂಬ ತಿರುಗಿಸಿ ಕಾಡಿನ ಮರ ಮಾಡುವುದು ನಾವೂ ಮಾಡಿದ್ದೇವೆ. ಆದರೆ ನಾವು ಟಿಕೆಟ್ಟಿನ ಮೇಲೆ 'ನಾಟಕ' ಎಂದು ಅಚ್ಚು ಹಾಕಿಸುತ್ತಿದ್ದೆವು. ದೂರು ಬರೆಯುತ್ತೇನೆ. ಓದೀಲಳಾಗಿದ್ದರೆ ಅಲ್ಲೇ, ಆ ಕಟ್ಟೆಯ ಮೇಲೇ ಅವರ ಚರ್ಮ ಸುಲಿಯುತ್ತಿದ್ದಳು. ಅಂಗಡಿಯವನು ಒಂದು ಸೇಬು ಹೆಚ್ಚು ಹಾಕಿದ್ದರೆ ಮಳೆಯಲ್ಲಿ ವಾಪಸು ಹೋಗಿ ಕೊಟ್ಟು ಬಂದವಳು ಅವಳು.

ಜುಲೈ 5

ದೂರು ಕಳಿಸುವ ಮೊದಲು ಆರೋಪಿಯ ಮುಖ ನೋಡಬೇಕೆನಿಸಿತು. ಒಬ್ಬನೇ ವೋಕೂರ್ಬ್‌ಗೆ ಹೋದೆ. ತೊಟ್ಟಿಗಳೆಲ್ಲ ವಾಪಸು ಬಂದು ಸಾಧುಗಳಂತೆ ಕೂತಿದ್ದವು. ಮೇಯರಮ್ಮ ಬಾಗಿಲಲ್ಲಿ ಕೂತು ಚೆರ್‍ರಿ ಹಣ್ಣಿನ ಬೀಜ ತೆಗೆಯುತ್ತಿದ್ದರು. ಮೊಣಕೈ ತನಕ ಕೆಂಪು.

"ನಿಮ್ಮೂರ ಹೂವಿಗೆ ಕಾಲು ಬಂದಿದೆ ಅಂತ ಕೇಳ್ದೆ" ಎಂದೆ.

"ಕಾಲಲ್ಲ, ಚಕ್ರ" ಎಂದರು ತಲೆಯೆತ್ತದೆ. "ತೊಟ್ಟಿ ವಾಪಸು ಇಳಿಸುವಾಗ ಫೆರ್ನಾಂ ಹೇಳ್ದ, ಅದ್ರಲ್ಲಿ ತಿಂಡಿ ಬಚ್ಚಿಟ್ಟಿದ್ದು ನೀವೇ ಅಂತ. ನನ್ನ ಗೂಜೇರ್ ಅಷ್ಟು ಕೆಟ್ಟದಾಗಿತ್ತಾ?"

"ಮಾತು ಹಾರಿಸ್ಬೇಡಿ. ಎಷ್ಟು ವರ್ಷದಿಂದ ನಡೀತಿದೆ?"

"ಒಂಬತ್ತು."

"ಒಂಬತ್ತು ವರ್ಷ ಮಂಡಳಿ ಕಣ್ಣಿಗೆ ಮಣ್ಣೆರಚಿದ್ದೀರಿ."

ಆಗ ಅವರು ತಲೆಯೆತ್ತಿದರು. ಕೈ ಒರೆಸಿಕೊಂಡರು.

"ಇಡೀ ಮಂಡಳಿ ಕಣ್ಣಿಗಲ್ಲ ಅನ್ಸೆಲ್ಮ್ ಅವ್ರೇ. ಒಬ್ಬರನ್ನ ಬಿಟ್ಟು. ಓದೀಲಮ್ಮ ನಿಮಗೆ ಹೇಳಿರ್ಲಿಲ್ವಾ?"

ನಾನು ಮೆಟ್ಟಿಲ ಮೇಲೆ ಕುಸಿದೆ. ಕುಸಿಯುವುದನ್ನು ನಾನು ಸಾವಿರ ಸಲ ಅಭಿನಯಿಸಿದ್ದೇನೆ. ನಿಜವಾಗಿ ಕುಸಿದಾಗ ಟೋಪಿ ಎಲ್ಲಿ ಬೀಳುತ್ತದೆಂದು ತಿಳಿಯುವುದಿಲ್ಲ.

ಕಥೆ ಇಷ್ಟು. ಒಂಬತ್ತು ವರ್ಷದ ಹಿಂದೆ, ಮಂಡಳಿ ಬರುವ ಹಿಂದಿನ ದಿನ ಪ್ರೆಸಾಯೊದ ಮೇಲೆ ಆಲಿಕಲ್ಲು ಸುರಿಯಿತು. ಒಂದು ಎಸಳು ಉಳಿಯಲಿಲ್ಲ. ಪಕ್ಕದ ವೋಕೂರ್ಬ್‌ಗೆ ಒಂದು ಹನಿಯೂ ಬೀಳಲಿಲ್ಲ. ಈ ಎರಡು ಊರಿಗೂ ಮಾತಿಲ್ಲ. ಮೂವತ್ತು ಚಿಲ್ಲರೆ ವರ್ಷದ ಹಿಂದೆ ಎರಡರಲ್ಲಿ ಒಂದು ಶಾಲೆ ಮುಚ್ಚಬೇಕಾಗಿ ಬಂದು, ನಿಮ್ಮದು ಮುಚ್ಚಲಿ ನಿಮ್ಮದು ಮುಚ್ಚಲಿ ಎಂದು ಹೊಡೆದಾಡಿ, ಕೊನೆಗೆ ಎರಡೂ ಮುಚ್ಚಿದವು. ಅಂದಿನಿಂದ ಇವರ ಮದುವೆಗೆ ಅವರಿಲ್ಲ, ಅವರ ಸಾವಿಗೆ ಇವರಿಲ್ಲ.

"ಬೆಳಿಗ್ಗೆ ಎಂಟಕ್ಕೇ ಬಂದುಬಿಟ್ಟಿದ್ರು ಓದೀಲಮ್ಮ, ಬೇರೆಯವರಿಗಿಂತ ಮುಂಚೆ" ಎಂದರು ಮೇಯರಮ್ಮ. "ಪ್ರೆಸಾಯೊ ದಾರೀಲೇ ಬಂದಿದ್ರಂತೆ. ಫೆರ್ನಾಂ ರಸ್ತೆ ಮೇಲೆ ಕೂತು ಚೂರು ಚೂರು ಎಲೆ ಗುಡಿಸ್ತಿದ್ನಂತೆ. ನನ್ನ ಮುಂದೆ ನಿಂತು ಕೇಳಿದ್ದು ಎರಡೇ ಪ್ರಶ್ನೆ. 'ಊಟ ಎರಡೂವರೆ ಗಂಟೆ ಎಳೆಯೋಕಾಗತ್ತಾ? ಅವನ ಹತ್ರ ಟ್ರ್ಯಾಕ್ಟರ್ ಇದ್ಯಾ?' ನಾನಂದೆ, ಆ ಊರಿನವ್ರಿಗೆ ನನ್ನ ಸತ್ತ ಗಿಡಾನೂ ಕೊಡಲ್ಲ. 'ಕೊಡಬೇಡಿ, ಎರವಲು ಕೊಡಿ' ಅಂದ್ರು."

"ಆಮೇಲೆ?"

"ಆಮೇಲೆ ಪ್ರತಿ ವರ್ಷ. ತೊಟ್ಟಿ ಹೊರೋಕೆ ಎರಡೂ ಊರಿನವ್ರು ಬೇಕು. ಹೊರುವಾಗ ಮಾತಾಡ್ಲೇಬೇಕಲ್ಲ. ಎತ್ತು, ಇಳಿಸು, ಕಾಲು ನೋಡ್ಕೋ. ವರ್ಷಕ್ಕೊಂದೆರಡು ದಿನ ಅಷ್ಟಾದರೂ ಆಡ್ತೀವಿ."

"ನನಗ್ಯಾಕೆ ಹೇಳ್ಲಿಲ್ಲ ಅವಳು?"

ಮೇಯರಮ್ಮ ಒಂದು ಚೆರ್‍ರಿ ಬಾಯಿಗೆ ಹಾಕಿಕೊಂಡರು. "ನಾನೂ ಕೇಳ್ದೆ. 'ನನ್ನ ಯಜಮಾನ್ರು ಒಳ್ಳೇವ್ರು. ಆದ್ರೆ ಅವ್ರ ಕಿವಿಗೆ ಬಿದ್ದಿದ್ದು ಭಾನುವಾರದ ಸಂತೇಲಿ ಮೂರು ಅಂಕದ ನಾಟಕ ಆಗತ್ತೆ' ಅಂದ್ರು."

ಜುಲೈ 6

ನಲವತ್ತೊಂದು ವರ್ಷದ ದಾಂಪತ್ಯ. ನನ್ನ ನಾಟಕಕ್ಕೆ ಬಂದರೆ ಮೊದಲ ಅಂಕ ಮುಗಿಯುವುದರೊಳಗೆ ಎದ್ದು ಹೋಗುತ್ತಿದ್ದಳು. ಸುಳ್ಳಿಗೆ ಕಾಸು ಕೊಟ್ಟು ಕೂರಲಾರೆ ಎನ್ನುತ್ತಿದ್ದಳು. ಅಂಥವಳು, ಜಿಲ್ಲೆಯ ಅತಿ ದೊಡ್ಡ ದೃಶ್ಯ ಬದಲಾವಣೆಯನ್ನು ಒಂಬತ್ತು ವರ್ಷ ನಿರ್ದೇಶಿಸಿದಳು. ನೂರನಲವತ್ತು ಕುಂಡ, ನಾಲ್ಕು ಕಿಲೋಮೀಟರ್, ಒಂದೇ ಒಂದು ತಪ್ಪಿಲ್ಲ. ಪ್ರೇಕ್ಷಕರಲ್ಲಿ ಒಬ್ಬ ಪೆದ್ದ ಕೂತಿದ್ದ. ಅವನ ಜೊತೆ ಅವಳು ಸಂಸಾರ ಮಾಡಿದಳು.

ಅವಳ ತೋಟದ ರೇಕು, ಕತ್ತರಿ, ಗಮ್ ಬೂಟು ಎಲ್ಲ ಮಹಡಿಗೆ ಎಸೆದೆ. ಒಂದು ಬೂಟು ಮೆಟ್ಟಿಲಿಳಿದು ಉರುಳಿ ಉರುಳಿ ವಾಪಸು ಬಂತು.

ಜುಲೈ 22

ಎರಡು ಸಿಡಿಲು, ಒಂದೇ ಅಂಚೆಯಲ್ಲಿ.

ಒಂದು: ನಿಷ್ಠುರ ಪ್ರಾಮಾಣಿಕತೆಯ ತೀರ್ಪುಗಾರ್ತಿ ಓದೀಲ್ ಕುರ್ತ್‌ಬ್ವಾ ಸ್ಮರಣಾರ್ಥ ಮಂಡಳಿ ಪ್ರತಿವರ್ಷ ಒಂದು ಪ್ರಶಸ್ತಿ ಕೊಡಲಿದೆಯಂತೆ. 'ನಿಷ್ಠುರ ಪ್ರಾಮಾಣಿಕತೆ' ಎಂಬ ಪದಗಳನ್ನು ನಾಲ್ಕು ಸಲ ಓದಿ, ಕನ್ನಡಕ ಒರೆಸಿ, ಐದನೆಯ ಸಲ ಓದಿದೆ.

ಎರಡು: ಡಾಕ್ಟರಿಗೆ ಮಂಡಿ ಶಸ್ತ್ರಚಿಕಿತ್ಸೆ. ಆಗಸ್ಟ್ 20ರ ಅಂತಿಮ ಸುತ್ತಿಗೆ ಹೊಸ ಅಧ್ಯಕ್ಷರು ರೆಜಿಸ್ ಮಥೂಲಾಂ, ನಿವೃತ್ತ ಭೂಮಾಪಕರು. ಫೋನೂ ಮಾಡಿದರು.

"ಹನ್ನೊಂದಕ್ಕೆ ವೋಕೂರ್ಬ್. ಹನ್ನೆರಡಕ್ಕೆ ಊಟ. ಹನ್ನೆರಡೂಕಾಲಿಗೆ ಪ್ರೆಸಾಯೊ."

"ಊಟಕ್ಕೆ ಕಾಲು ಗಂಟೆಯೇ?"

"ನಾನು ಡಬ್ಬಿ ತರ್ತೀನಿ. ಹಸಿ ಕ್ಯಾರೆಟ್ಟು. ಹತ್ತು ನಿಮಿಷ ಸಾಕು, ಐದು ನಿಮಿಷ ನಿಮಗೋಸ್ಕರ ಇಟ್ಟಿದ್ದೀನಿ."

ಹತ್ತು ನಿಮಿಷದಲ್ಲಿ ಉಣ್ಣುವ ಫ್ರೆಂಚನನ್ನು ನಾನು ಈ ಜನ್ಮದಲ್ಲಿ ಕಂಡಿರಲಿಲ್ಲ. ಆತ ಕಂಡುಹಿಡಿದರೆ ಎರಡೂ ಊರಿನ ಫಲಕ ಕೀಳುತ್ತಾರೆ. ಒಂಬತ್ತು ವರ್ಷದ ಅಂಕಪಟ್ಟಿ ತೆಗೆಸುತ್ತಾರೆ. ಅವುಗಳಲ್ಲಿ ಪ್ರತಿಯೊಂದರ ಕೆಳಗೂ ಓದೀಲಳ ಸಹಿ.

ಅನುಭವಿಸಲಿ, ಎಂದಿತು ಮನಸ್ಸಿನ ಒಂದು ಮೂಲೆ. ಸತ್ತವಳು ಏನನ್ನು ಅನುಭವಿಸುತ್ತಾಳೆ?

ಆಗಸ್ಟ್ 11

ಎಚ್ಚರಿಕೆ ಕೊಟ್ಟು ಬರುವುದಷ್ಟೇ ಉದ್ದೇಶವಾಗಿತ್ತು. ಮೇಯರಮ್ಮನ ಅಡುಗೆಮನೆಯಲ್ಲಿ ಫೆರ್ನಾಂ ಕೂಡ ಕೂತಿದ್ದ, ಬಾಗಿಲಿನ ಹತ್ತಿರದ ಕುರ್ಚಿಯಲ್ಲಿ, ಟೋಪಿ ಮಂಡಿಯ ಮೇಲೆ. ಇಬ್ಬರೂ ನನ್ನ ಮುಖ ನೋಡಿಯೇ ಮಾತಾಡಿದರು.

"ಇವನಿಗೆ ಹೇಳಿ, ಹೋದ ವರ್ಷ ನನ್ನ ಎರಡು ತೊಟ್ಟಿ ಸೊಟ್ಟ ಮಾಡಿದ್ದ ಅಂತ."

"ಆಯಮ್ಮಂಗೆ ಹೇಳಿ, ಸೊಟ್ಟ ಇದ್ದಿದ್ದು ಅವರೂರಿನ ರಸ್ತೆ ಅಂತ."

"ಅವನೂರಿಗೆ ಬೇರೆ ಹೂ ಯಾಕೆ ಬೆಳ್ಕೋಬಾರ್ದು ಕೇಳಿ."

"ಬೆಳೆದಿದ್ವಿ. ಜೂನ್ ಬಿಸಿಲಲ್ಲಿ ಸುಟ್ಟುಹೋಯ್ತು. ಮಳೆನೀರಿನ ತೊಟ್ಟಿ ಇರೋದು ಆಯಮ್ಮನ ಮನೇಲಿ ಮಾತ್ರ ಅಂತ ಆಯಮ್ಮಂಗೇ ಗೊತ್ತು."

ಲೆಕ್ಕ ಹಾಕಿದೆವು. ಬಿಚ್ಚಿ, ಹೇರಿ, ಸಾಗಿಸಿ, ಇಳಿಸಲು ಎಷ್ಟು ಓಡಿದರೂ ಎಪ್ಪತ್ತು ನಿಮಿಷ ಬೇಕು. ಮಥೂಲಾಂ ಕೊಡುವುದು ಹದಿನೈದು. ಯಾರಿಗೂ ದಾರಿ ಹೊಳೆಯಲಿಲ್ಲ. ಬೇಜಾರಿನಲ್ಲಿ ಕೆನೆ ಟಾರ್ಟಿನ ಮೂರು ತುಂಡು ತಿಂದೆ. ನಾಲ್ಕನೆಯದನ್ನು ಫೆರ್ನಾಂ ತನ್ನ ತಟ್ಟೆಯಿಂದ ನನ್ನ ಕಡೆಗೆ ತಳ್ಳಿದ. ಮೇಯರಮ್ಮ ನಾನು ಉಣ್ಣುವುದನ್ನು ಯಾಕೋ ನೋಡುತ್ತ ಕೂತಿದ್ದರು.

ನಾನೇನೂ ಮಾತು ಕೊಟ್ಟಿಲ್ಲ. ನಾನು ತೀರ್ಪುಗಾರ.

ಆಗಸ್ಟ್ 20

ಮಥೂಲಾಂ ತೆಳ್ಳಗಿನ ಮನುಷ್ಯ, ಅಳತೆ ಕಡ್ಡಿಯೇ ಟೋಪಿ ಹಾಕಿಕೊಂಡು ಬಂದಂತೆ. ವೋಕೂರ್ಬ್‌ನಲ್ಲಿ ಪ್ರತಿ ಕುಂಡಕ್ಕೂ ಬಾಗಿ ಪೆನ್ಸಿಲ್ ಗೀರು ಹಾಕಿದ. ಸರಿಯಾಗಿ ಹನ್ನೆರಡಕ್ಕೆ ಸಭಾಭವನದ ಮೇಜಿಗೆ ಕೂತು ಡಬ್ಬಿ ತೆರೆದ. ಕರಕರ. ಹನ್ನೆರಡು ಹತ್ತಕ್ಕೆ ಡಬ್ಬಿ ಮುಚ್ಚಿತು.

ಹೊರಗೆ ಟ್ರ್ಯಾಕ್ಟರಿನ ಸದ್ದು ಇನ್ನೂ ಕೇಳಿರಲಿಲ್ಲ. ಮೇಯರಮ್ಮ ಮೊಲದ ಪಾತ್ರೆ ಹಿಡಿದು ನಿಂತಿದ್ದರು. ಅವರು ನೋಡಿದ್ದು ಮಥೂಲಾಂನನ್ನಲ್ಲ, ನನ್ನನ್ನು. ಬೇಡಿಕೊಂಡ ನೋಟವಲ್ಲ ಅದು. ನಾನು ಏನು ಮಾಡುತ್ತೇನೋ ಅದಕ್ಕೆ ಸಿದ್ಧರಿದ್ದ ನೋಟ. ಅದಕ್ಕೇ ನನಗೆ ತಡೆಯಲಾಗಲಿಲ್ಲ.

ಎದ್ದೆ. "ಅಧ್ಯಕ್ಷರೇ, ಊಟದ ಮೇಜಿನಿಂದ ಒಬ್ಬ ಹಳೆಯ ನಟ ಒಂದು ಮಾತಾಡದೆ ಎದ್ದುಹೋದರೆ ಅಪಶಕುನ" ಎಂದು ಗುಡುಗಿದೆ. ಎಲ್ಲಿತ್ತೋ ಆ ಧ್ವನಿ, ಕಿಟಕಿ ಗಾಜು ಅದುರಿತು. ಜೊಂಪಿನಲ್ಲಿದ್ದ ಬ್ಲಾಂದೀನ್ ಬೆಚ್ಚಿದಳು. ಪರದೆಗೆ ಬೆಂಕಿ ಹತ್ತಿದ ಕಥೆ ಹೇಳಿದೆ. ರಾಜನ ಗಡ್ಡ ಸೂಪಿನಲ್ಲಿ ಬಿದ್ದ ಕಥೆ ಹೇಳಿದೆ. ಮೇಜು ಗುದ್ದಿದೆ, ಕರವಸ್ತ್ರ ಬೀಸಿದೆ, ಎರಡು ಸಲ ಸತ್ತೆ. ಹೊರಗೆ ಟ್ರ್ಯಾಕ್ಟರು ಕೆಮ್ಮಿತು. ಇಪ್ಪತ್ತೈದು ನಿಮಿಷ.

"ಬಹಳ ಚೆನ್ನಾಗಿದೆ" ಎಂದು ಮಥೂಲಾಂ ಟೋಪಿ ಹಾಕಿಕೊಂಡ. "ಹೊರಡೋಣ."

ನನ್ನ ಬತ್ತಳಿಕೆ ಬರಿದಾಗಿತ್ತು. ಆಗ ಬಾಯಿಂದ ಬಂದ ಮಾತನ್ನು ನಾನು ಯೋಚಿಸಿ ಆಡಲಿಲ್ಲ.

"ನನ್ನ ಹೆಂಡತಿ ಸತ್ತ ದಿನವೂ ನಾನು ಹೀಗೇ ಕೂಗ್ತಿದ್ದೆ" ಎಂದೆ.

ಅವನು ನಿಂತ.

ಹೇಳಿದೆ. ಮಾರ್ಚ್ ಒಂಬತ್ತು, ಶನಿವಾರ. ಅವಳು ಒಳಗಿನ ಕೋಣೆಯಲ್ಲಿ, ಹಾಸಿಗೆಯಲ್ಲಿ. ನಾನು ಅಡುಗೆಮನೆಯಲ್ಲಿ ಫೋನು ಹಿಡಿದು ಹಳೆಯ ಗೆಳೆಯನಿಗೆ ಯಾವುದೋ ಹಳೆಯ ಪಾತ್ರದ ಮಾತನ್ನು ಅಬ್ಬರಿಸಿ ಹೇಳುತ್ತಿದ್ದೆ. ಅವನು ಆ ಕಡೆ ನಗುತ್ತಿದ್ದ. ನಲವತ್ತು ನಿಮಿಷ. ಚಹಾ ತೆಗೆದುಕೊಂಡು ಒಳಗೆ ಹೋದಾಗ ಮಂಚದ ಪಕ್ಕದ ಗಂಟೆ ನೆಲದ ಮೇಲೆ ಬಿದ್ದಿತ್ತು. ಅವಳು ಬಾರಿಸಿರಬೇಕು. ಕೂಗಿಯೂ ಇರಬೇಕು. ನನ್ನ ಧ್ವನಿಯಿಂದಾಗಿ ನನಗೆ ಏನೂ ಕೇಳಿಸಲಿಲ್ಲ. ಚಹಾ ಇಟ್ಟೆ. ಹಾಸಿಗೆಯ ಪಕ್ಕ ಕೂತು ಚಹಾ ಆರುವ ತನಕ ನೋಡಿದೆ. ಮನೆಗೆ ಬಂದ ವೈದ್ಯರಿಗೆ, ಅವಳ ತಂಗಿಗೆ, ಎಲ್ಲರಿಗೂ ನಾನು ಹೇಳಿದ್ದು, ನನ್ನ ಕೈ ಹಿಡಿದು ಹೋದಳು ಅಂತ.

ಇದನ್ನು ಎಷ್ಟು ಮೆಲ್ಲಗೆ ಹೇಳಿದೆನೆಂದರೆ ಮೇಜಿನ ಆ ತುದಿಯವರು ಮುಂದಕ್ಕೆ ಬಾಗಿ ಕೇಳಿಸಿಕೊಂಡರು. ಅಭಿನಯವಿರಲಿಲ್ಲ. ಕೈಗಳೆಲ್ಲಿದ್ದವೋ ಗೊತ್ತಿಲ್ಲ. ಮಥೂಲಾಂ ಟೋಪಿ ತೆಗೆದು ಕೂತ. ಮೇಯರಮ್ಮ ಅವನ ಮುಂದೆ ತಟ್ಟೆ ಇಟ್ಟರು. ಅವನು ಬ್ರೆಡ್ಡು ಮುರಿದ.

"ಹೇಳಿ" ಎಂದ. "ಅವರು ಹೇಗಿದ್ರು?"

ನಾನು ಹೇಳುತ್ತಲೇ ಹೋದೆ. ಒಂದು ಸೇಬಿಗಾಗಿ ಮಳೆಯಲ್ಲಿ ನಡೆದದ್ದು. ನನ್ನ ನಾಟಕದ ಮೊದಲ ಅಂಕಕ್ಕೇ ಎದ್ದು ಹೋಗುತ್ತಿದ್ದದ್ದು. ಬಾಗಿಲಲ್ಲಿ ಫೆರ್ನಾಂ ಬಂದು ನಿಂತದ್ದು ಯಾವಾಗಲೋ; ಉಗುರಲ್ಲೆಲ್ಲ ಮಣ್ಣು, ಕೈಯಲ್ಲಿ ಟೋಪಿ. ಅವನ ಹಿಂದೆ ಎರಡೂ ಊರಿನವರು. ನಾವು ಮೇಜು ಬಿಟ್ಟೇಳುವಾಗ ಮೂರು ಗಂಟೆ ಹೊಡೆಯಿತು.

ಪ್ರೆಸಾಯೊ ಕೆಂಪಗೆ ಉರಿಯುತ್ತಿತ್ತು. ಮಥೂಲಾಂ ಗೀರು ಹಾಕುತ್ತಾ ಹೋದ. ಕಟ್ಟೆಯ ಪಕ್ಕ ಮಾತ್ರ ಒಂದು ಕುಂಡವನ್ನು ಎತ್ತಿ, ಕೆಳಗಿನ ಕಲ್ಲಿನ ಮೇಲೆ ಅಂಗೈ ಇಟ್ಟು, ವಾಪಸು ಇಟ್ಟ.

ಕಾರಿನಲ್ಲಿ, ಬ್ಲಾಂದೀನ್ ಹಿಂದಿನ ಸೀಟಿನಲ್ಲಿ ನಿದ್ದೆ ಹೋದ ಮೇಲೆ, ರಸ್ತೆ ನೋಡುತ್ತಲೇ ಹೇಳಿದ: "ಕುಂಡದ ಕೆಳಗಿನ ಕಲ್ಲು ಬಿಸಿಯಾಗಿತ್ತು. ಬೆಳಿಗ್ಗೆಯಿಂದ ಅಲ್ಲೇ ಇದ್ದಿದ್ರೆ ತಣ್ಣಗಿರಬೇಕಿತ್ತು."

ಲಾಂಗ್ರ್ ಬರುವ ತನಕ ನಾನು ಕಿಟಕಿಯಾಚೆಯ ಕಿಲೋಮೀಟರ್ ಕಲ್ಲು ಎಣಿಸಿದೆ.

ಆಗಸ್ಟ್ 21

ಮಂಡಳಿಯ ಕಚೇರಿ. ಮಥೂಲಾಂ ವರದಿಯನ್ನು ತನ್ನ ಕೈಯಾರೆ ಬರೆದು ತಂದಿದ್ದ. ನೇಣಿನ ಹಗ್ಗ ಕೈಗೆ ಕೊಟ್ಟಂತೆ ನನ್ನ ಮುಂದೆ ತಳ್ಳಿದ. ಓದಿದೆ:

'ವೋಕೂರ್ಬ್ ಮತ್ತು ಪ್ರೆಸಾಯೊ ಊರುಗಳ ಹೂಗಳ ನಡುವೆ ಒಂದು ಎಸಳಿನಷ್ಟೂ ವ್ಯತ್ಯಾಸ ಕಂಡುಬರಲಿಲ್ಲ. ಎರಡೂ ಊರಿನವರು ಒಟ್ಟಾಗಿ ದುಡಿದಿರುವುದು ಸ್ಪಷ್ಟ. ಮೂರು ಹೂಗಳ ಫಲಕ ಎರಡೂ ಕಡೆ ಮುಂದುವರಿಯಲಿ.'

"ಸುಳ್ಳು ಒಂದಕ್ಷರ ಇದ್ರೆ ತೋರಿಸಿ" ಎಂದ. "ನಾನು ಸುಳ್ಳಿಗೆ ಸಹಿ ಹಾಕೋನಲ್ಲ."

ಎರಡು ಸಲ ಹುಡುಕಿದೆ. ಇರಲಿಲ್ಲ. ಸಹಿ ಹಾಕಿದೆ.

ಬ್ಲಾಂದೀನ್ ಕನ್ನಡಕ ಹುಡುಕುತ್ತಾ ಬಂದಳು. "ನಾನು ಊಟದಲ್ಲಿ ಸ್ವಲ್ಪ ಜೊಂಪಿನಲ್ಲಿದ್ದೆ. ಆ ಎರಡು ಊರಲ್ಲಿ ಏನಾದ್ರೂ ವಿಶೇಷ ಇತ್ತಾ ಅನ್ಸೆಲ್ಮ್ ಅವ್ರೇ?"

ಮಥೂಲಾಂ ಪೆನ್ನಿನ ಮುಚ್ಚಳ ಹಾಕುವುದನ್ನು ನಿಲ್ಲಿಸಿದ. ಎಂಥ ಪ್ರವೇಶ, ಎಂಥ ಸನ್ನಿವೇಶ, ಇಡೀ ರಂಗ ನನ್ನದೇ.

"ಇಲ್ಲಮ್ಮ" ಎಂದು ವರದಿಯನ್ನು ಅವಳ ಕಡೆ ಸರಿಸಿದೆ.